ಕೆಳಗಿನ ಗೇಟಿನ ಹತ್ತಿರ ತಂಗಿ ಊಟ

ಮೂವತ್ತೆಂಟು ವರ್ಷ ನಾನು ಕಾಡಿನ ಕೋಣೆಗಳನ್ನು ಹಂಚಿದೆ. ಕಾಡನ್ನು ಮಾತ್ರ ನೋಡಿರಲಿಲ್ಲ.

ನಮ್ಮ ಕಚೇರಿ ಇದ್ದದ್ದು ಪಟ್ಟಣದ ನಡುವೆ, ಅಂಚೆ ಕಚೇರಿಯ ಮಹಡಿಯ ಮೇಲೆ. ಕಾಗದದಲ್ಲಿ ಆ ಕಾಡುಗಳಿಗೆ ರಾಷ್ಟ್ರೀಯ ಉದ್ಯಾನಗಳೆಂದು ಹೆಸರು. ಕಿಂಡಿಯ ಮುಂದೆ ನಿಂತವರ ಬಾಯಲ್ಲಿ ಎಲ್ಲವೂ ಕಾಡೇ. ಯಾವ ಕಾಡಿಗೆ ಹೋಗುವವರಾದರೂ ಮೊದಲು ನನ್ನ ಮುಂದೆ ಬಂದು ನಿಲ್ಲಬೇಕು. ಎಷ್ಟು ಜನ, ಎಷ್ಟು ರಾತ್ರಿ, ಊಟ ಅಲ್ಲಿಯದೇ ಆಗುತ್ತದೋ ಕಟ್ಟಿಕೊಂಡು ಹೋಗುವಿರೋ ಎಂದು ಕೇಳಿ, ಉದ್ದನೆಯ ರಿಜಿಸ್ಟರಿನಲ್ಲಿ ಬರೆದು, ಚೀಟಿ ಹರಿದು ಕೊಡುವುದು ನನ್ನ ಕೆಲಸ. ಅವರು ಹಿಂದಿರುಗಿದ ಮೇಲೆ ಕೊನೆಯ ಅಂಕಣ ತುಂಬಬೇಕು. "ಎರಡು ರಾತ್ರಿ ತಂಗಿ ತೆರವು ಮಾಡಿದರು." "ಒಂದು ರಾತ್ರಿ ತಂಗಿ ಮುಂದಕ್ಕೆ ಹೋದರು." ದಿನಕ್ಕೆ ಮೂವತ್ತು ಸಲ, ನಲವತ್ತು ಸಲ ಬರೆದೂ ಬರೆದೂ ಆ ಪದ ನನ್ನ ಬೆರಳಿಗೆ ಅಂಟಿಹೋಗಿತ್ತು.

ಹೋಗಿ ಬಂದವರ ದೂರು ಪುಸ್ತಕವೂ ನನ್ನ ಮೇಜಿಗೇ ಬರುತ್ತಿತ್ತು. ಕಾಡನ್ನು ನಾನು ಬಲ್ಲದ್ದು ಆ ಪುಸ್ತಕದಿಂದ. ಮೇಲಿನ ಬಂಗಲೆಯ ಎರಡನೆಯ ನಂಬರಿನ ಕಿಟಕಿ ಮುಚ್ಚುವುದಿಲ್ಲ. ಕೆರೆ ಬಂಗಲೆಯ ಸ್ನಾನದ ಮನೆಗೆ ಅಳಿಲು ಬಂದು ಸಾಬೂನು ಕಡಿಯುತ್ತದೆ. ಅಡುಗೆಯವನು ನಾಳೆಯ ಚಹಾವನ್ನು ಇಂದೇ ಕುದಿಸಿಡುತ್ತಾನೆ. ಒಬ್ಬ ಮಹಾರಾಯ, ಹುಲಿ ಕಾಣಲಿಲ್ಲವಾದ್ದರಿಂದ ಹಾಸಿಗೆ ಸರಿಯಿರಲಿಲ್ಲ ಎಂದು ಬರೆದಿದ್ದ. ರಾತ್ರಿ ಊಟಕ್ಕೆ ಕೂತಾಗ ಇವನ್ನೆಲ್ಲ ನನ್ನ ಹೆಂಡತಿಗೆ ಹೇಳುತ್ತಿದ್ದೆ. ಅವಳು ಬಡಿಸುವುದನ್ನು ಮರೆತು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಒಂದೇ ಮಾತು: "ನಾವು ಯಾವಾಗ ಹೋಗೋದು?"

"ಊರಿಗೆಲ್ಲ ರಜ ಇದ್ದಾಗ ನನಗೆ ಕೆಲಸ. ನನಗೆ ರಜ ಸಿಕ್ಕಿದಾಗ ನೋಡೋಣ."

ನೋಡೋಣ ಎಂಬ ಮಾತಿನಲ್ಲೇ ಮೂವತ್ತೆಂಟು ವರ್ಷ ಕಳೆಯಿತು. ನಿವೃತ್ತಿಯಾದ ಮೇಲೆ ಅವಳ ಆರೋಗ್ಯ ಕೆಟ್ಟಿತು.

ನನ್ನದೊಂದು ಕೆಟ್ಟ ಚಾಳಿ ಹೇಳಬೇಕು. ಯಾರು ಏನು ಬರೆದರೂ ನಾನು ತಿದ್ದುತ್ತಿದ್ದೆ. ಅವಳು ಬರೆದ ಸಾಮಾನಿನ ಚೀಟಿಯನ್ನೂ ಬಿಡುತ್ತಿರಲಿಲ್ಲ. "ಅಕ್ಕಿ ಬೇಳೆ ಸಕ್ಕರೆ ಅಂತ ಒಂದೇ ಉಸಿರಿಗೆ ಬರೆದರೆ ಹೇಗೆ? ನಡುವೆ ಅಲ್ಪವಿರಾಮ ಹಾಕು" ಎನ್ನುತ್ತಿದ್ದೆ. "ಅಂಗಡಿಯೋನು ಉಸಿರು ಬಿಟ್ಟುಕೊಂಡೇ ಓದ್ತಾನೆ ಬಿಡಿ" ಎನ್ನುತ್ತಿದ್ದಳು. ಆದರೂ ಹಾಕುವುದನ್ನು ಕಲಿತಳು. ಕೊನೆಕೊನೆಗೆ ಬೇಕಾದ ಕಡೆ, ಬೇಡದ ಕಡೆ, ಎಲ್ಲೆಲ್ಲೂ ಹಾಕುತ್ತಿದ್ದಳು.

ಇನ್ನೊಂದು ಸಂಗತಿಯೂ ಇದೆ. ಹೇಳುವುದು ಕಷ್ಟ, ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ. ನನಗೊಬ್ಬಳು ತಂಗಿ. ಒಂದು ಕಾಡಿನೊಳಗೆ ಕಾವಲುಗಾರರ ಮಕ್ಕಳಿಗಾಗಿ ಇದ್ದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಇಪ್ಪತ್ತಾರು ವರ್ಷದ ಹಿಂದೆ ನಮ್ಮ ತಾಯಿ ಕೊನೆಯ ಸ್ಥಿತಿಯಲ್ಲಿದ್ದಾಗ ಅವಳಿಗೆ ಸುದ್ದಿ ಕಳಿಸಿದೆ. ಬಂದದ್ದು ಎಲ್ಲ ಮುಗಿದ ಮೇಲೆ. ತಾಯಿಯ ಬಾಯಿಗೆ ನೀರು ಬಿಟ್ಟವನು ನಾನೊಬ್ಬನೇ. ಬಾಗಿಲಲ್ಲಿ ನಿಂತು ಅವಳು ಹೇಳಿದಳು: "ಅಣ್ಣ, ಸುದ್ದಿ ಬಂದ ತಕ್ಷಣ ಹೊರಟೆ. ಆರು ಗಂಟೆ ಐದು ನಿಮಿಷಕ್ಕೆ ಗೇಟಿಗೆ ಬಂದೆ. ಬಿಡಲಿಲ್ಲ."

ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ಗೇಟು ಯಾರಿಗೂ ತೆರೆಯುವುದಿಲ್ಲ ಎಂಬ ನಿಯಮವನ್ನು ಪ್ರತಿಯೊಂದು ಚೀಟಿಯ ಹಿಂಬದಿಗೆ ಮೊಹರು ಒತ್ತುತ್ತಿದ್ದವನು ನಾನೇ. ಆದರೂ ಅವತ್ತು ನಾನು ಹೇಳಿದ ಮಾತು: "ಹೆತ್ತ ತಾಯಿಗಿಂತ ಗೇಟು ದೊಡ್ಡದಾಯಿತೇನು? ಹಾಗಾದರೆ ಹೋಗಿ ಆ ಗೇಟಿನ ಹತ್ತಿರವೇ ಬಿದ್ದಿರು."

ಅವಳು ಒಳಗೆ ಕಾಲಿಡದೆ ಹಿಂದಿರುಗಿದಳು. ಕೆಲಸದಿಂದ ಬಿಡುಗಡೆಯಾದ ಮೇಲೆ ಯಾವುದೋ ಊರಿಗೆ ಹೋದಳೆಂದು ಯಾರೋ ಹೇಳಿದರು. ಯಾವ ಊರೆಂದು ನಾನು ಕೇಳಲಿಲ್ಲ. ದೇವರ ಮುಂದೆ ದಿನಾ ಎರಡು ಹೊತ್ತು ಕೂರುವವನು ನಾನು. ಎಲ್ಲರ ಹೆಸರನ್ನೂ ಹೇಳಿ ಕಾಪಾಡು ಎನ್ನುವಾಗ ಅವಳ ಹೆಸರು ಬರುವ ಜಾಗದಲ್ಲಿ ಒಂದು ಉಸಿರು ಸುಮ್ಮನಿದ್ದು ಮುಂದಕ್ಕೆ ಹೋಗುತ್ತಿದ್ದೆ.

ಹೆಂಡತಿ ತೀರಿಕೊಳ್ಳುವ ಎರಡು ವಾರ ಮೊದಲು ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದಳು: "ಕಾಡಿಗೆ ಹೋಗೋದನ್ನ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೀನಿ. ಪ್ರಾರ್ಥನೆ ಪುಸ್ತಕದ ಕೆಳಗಿದೆ. ನಾನಿದ್ದರೂ ಹೋಗಿ, ಇಲ್ಲದಿದ್ದರೂ ಹೋಗಿ. ತಿದ್ದಬೇಡಿ."

"ಆಯಿತು."

"ಆಯಿತು ಅಂದರೆ?"

"ತಿದ್ದಲ್ಲ."

"ದೇವರ ಮೇಲೆ ಆಣೆ ಬೇಡ. ನಿಮ್ಮ ಪೆನ್ಸಿಲಿನ ಮೇಲೆ ಹೇಳಿ."

ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ನಕ್ಕಳು.

ಅವಳು ಹೋದ ನಲವತ್ತು ದಿನಕ್ಕೆ ನೋಟುಬುಕ್ಕು ತೆರೆದೆ. ನಾನು ಮೂವತ್ತೆಂಟು ವರ್ಷ ಊಟದ ಹೊತ್ತಿಗೆ ಆಡಿದ ಮಾತೆಲ್ಲ ಅಲ್ಲಿ ಬೀಜ ಮೊಳೆತಂತೆ ಮೊಳೆತಿತ್ತು.

"ಮೊದಲನೆಯ ದಿನ, ಮೇಲಿನ ಬಂಗಲೆ, ಎರಡನೆಯ ನಂಬರು ಬೇಡ, ಒಂದನೆಯದು ಹಿಡಿಯಿರಿ. ಊಟ, ಮನೆಯಿಂದ ಕಟ್ಟಿಕೊಂಡು ಹೋಗಿ, ಅಲ್ಲಿಯ ಅಡುಗೆಯವನನ್ನು, ಮೊದಲ ದಿನವೇ, ನಂಬಬೇಡಿ.

"ಎರಡನೆಯ ದಿನ, ಕೆರೆ ಬಂಗಲೆ, ಸಾಬೂನು, ಡಬ್ಬಿಯೊಳಗೆ ಇಡಿ. ಊಟ, ಅಲ್ಲಿಯದೇ, ಖಾರ ಕಡಿಮೆ ಎಂದು, ಮೊದಲೇ ಹೇಳಿ.

"ಮೂರನೆಯ ದಿನ, ಕೆರೆಯಿಂದ, ನಾಲ್ಕು ಗಂಟೆಗೆ ಹೊರಡಿ, ಮುಂಚೆ ಬೇಡ. ಕೆಳಗಿನ ಗೇಟಿನ ಹತ್ತಿರ ತಂಗಿ ಊಟ.

"ನಾಲ್ಕನೆಯ ದಿನ, ಬೆಳಿಗ್ಗೆ, ಆರಕ್ಕೆ, ಮೂವರೂ ಒಳಗೆ."

ಮೂವರೂ. ನಾನು, ಕಾರು ಓಡಿಸಲು ಅವಳ ತಮ್ಮ, ಮತ್ತು ಅವಳು. ಬದುಕುವ ಆಸೆ ಇಟ್ಟುಕೊಂಡೇ ಬರೆದಿದ್ದಾಳೆ ಎನಿಸಿ ನೋಟುಬುಕ್ಕನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದೆ. ಆಮೇಲೆ ದೇವರ ಮುಂದೆ ಹೋಗಿ ಹೇಳಿದೆ: ಸ್ವಾಮಿ, ಬದುಕಿದ್ದಾಗ ಅವಳು ಬರೆದ ಒಂದು ಸಾಲನ್ನೂ ಹಾಗೆಯೇ ಇರಗೊಡಲಿಲ್ಲ. ಇದೊಂದನ್ನು ಅಕ್ಷರ ಬಿಡದೆ ನಡೆಸುವ ಶಕ್ತಿ ಕೊಡು.

ನನ್ನ ಹಳೆಯ ಕಿಂಡಿಯಲ್ಲಿ ಈಗ ಕಂಪ್ಯೂಟರು, ಅದರ ಹಿಂದೆ ಒಬ್ಬ ಹೆಣ್ಣುಮಗಳು. ನನ್ನನ್ನು ಕಂಡು ಎದ್ದು ನಿಂತಳು.

"ಸಾರ್, ನೀವಾ? ನಿಮ್ಮ ಹಳೇ ರಿಜಿಸ್ಟರ್ ಓದಿ ಓದಿ ನನಗೆ ಕನ್ನಡಕ ಬಂತು."

"ನನ್ನ ಅಕ್ಷರ ಚೆನ್ನಾಗೇ ಇದೆಯಲ್ಲಮ್ಮ."

"ಚೆನ್ನಾಗಿದೆ ಸಾರ್. ಇರುವೆ ಗಾತ್ರ."

ಮೊದಲ ಎರಡು ರಾತ್ರಿ ಸುಲಭವಾಗಿ ಸಿಕ್ಕಿದವು. ಮೂರನೆಯದನ್ನು ಕೇಳಿ ಅವಳು ತಲೆಯಾಡಿಸಿದಳು. "ಕೆಳಗಿನ ಗೇಟಿನ ಹತ್ತಿರ ನಮ್ಮ ಬಂಗಲೆ ಯಾವುದೂ ಇಲ್ಲ ಸಾರ್. ನಿಮಗೆ ಗೊತ್ತಿಲ್ಲದ್ದೇ?"

"ನನ್ನ ಕಾಲದಲ್ಲಿ ಇರಲಿಲ್ಲ. ಆಮೇಲೆ ಕಟ್ಟಿರಬಹುದು ಅಂತ..."

"ಇಲ್ಲ. ಗೇಟು ದಾಟಿ ಆಚೆಯ ಕಾಡಿನೊಳಗೆ ಒಂದು ಬಂಗಲೆ ಇದೆ. ಅದನ್ನ ಕೊಡ್ತೀನಿ. ಕೆರೆಯಿಂದ ಮೂರಕ್ಕೆ ಹೊರಟರೆ ಆರರೊಳಗೆ ಗೇಟು ದಾಟ್ತೀರ."

"ನಾಲ್ಕಕ್ಕೆ ಹೊರಡಬೇಕು. ಹಾಗೆ ಬರೆದಿದೆ."

"ಯಾರು ಬರೆದಿದ್ದು ಸಾರ್? ನಾಲ್ಕಕ್ಕೆ ಹೊರಟರೆ ಗೇಟು ಸಿಗಲ್ಲ. ಬರೆದೋರಿಗೆ ಲೆಕ್ಕ ತಪ್ಪಿದೆ."

ಲೆಕ್ಕ ತಪ್ಪಿದೆ ಎಂದು ನನಗೂ ಗೊತ್ತಿತ್ತು. ಜೇಬಿನ ಪೆನ್ಸಿಲು ತಾನಾಗಿ ಕೈಗೆ ಬಂದಿತ್ತು. ತಿರುಗಿ ಜೇಬಿಗಿಟ್ಟೆ. "ಆ ಕೋಣೆಯನ್ನ ಸುಮ್ಮನೆ ಹಿಡಿದಿಡಮ್ಮ. ಬಂದರೆ ಬಂದೆವು" ಎಂದೆ. ನಾಲ್ಕನೆಯ ದಿನದ ಪ್ರವೇಶಪತ್ರಕ್ಕೆ ಮೂರು ಹೆಸರು ಬೇಕಾಗಿತ್ತು. ಎರಡು ಹೇಳಿದೆ.

"ಮೂರನೆಯವರು?"

ಬಾಯಿಗೆ ಬಂದ ಹೆಸರು ಬಾಯಲ್ಲೇ ಉಳಿಯಿತು. "ಖಾಲಿ ಬಿಡು. ಗೇಟಿನಲ್ಲಿ ತುಂಬಬಹುದು ಅಂತ ನಿಯಮ ಇದೆ."

"ಯಾವ ನಿಯಮ ಸಾರ್?"

"ಎಪ್ಪತ್ತೊಂದನೆಯ ಸುತ್ತೋಲೆ. ನಾನೇ ಟೈಪು ಮಾಡಿದ್ದು."

ಅವಳು ಹುಡುಕಲಿಲ್ಲ. ಖಾಲಿ ಬಿಟ್ಟಳು.

ಹೆಂಡತಿಯ ತಮ್ಮ, ಅಂದರೆ ನನ್ನ ಭಾವಮೈದುನ, ಮೂವತ್ತು ವರ್ಷ ಡ್ರೈವಿಂಗ್ ಶಾಲೆ ನಡೆಸಿದವನು. ಊರೆಲ್ಲ ಅವನನ್ನು ಬ್ರೇಕು ಮೇಷ್ಟ್ರು ಎನ್ನುತ್ತದೆ. ಕಲಿಯುವವನ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಅವನ ಬಾಳು ಸವೆದದ್ದು. ನಾವು ಹೊರಟದ್ದು ಆ ಶಾಲೆಯ ಹಳೆಯ ಕಾರಿನಲ್ಲೇ. ಎರಡೂ ಬ್ರೇಕು ಹಾಗೆಯೇ ಇದ್ದವು. ಹಿಂದಿನ ಸೀಟಿನಲ್ಲಿ ಹೆಂಡತಿಯ ಬೂದು ಬಣ್ಣದ ಶಾಲನ್ನು ಮಡಿಸಿ ಇಟ್ಟೆ. ಅವನು ನೋಡಿದ, ಕಾರು ಹೊರಡಿಸಿದ. ಸ್ವಲ್ಪ ದೂರ ಹೋದ ಮೇಲೆ ಅಂದ:

"ಭಾವ, ಕಾಲು ಹಿಂದಕ್ಕೆ ಇಟ್ಟುಕೊಳ್ಳಿ. ಆ ಬ್ರೇಕು ನಿಜವಾದದ್ದು."

"ನಾನೇನು ಅದನ್ನ ಮುಟ್ಟಿದೆನೇ?"

"ಇನ್ನೂ ಇಲ್ಲ. ನಿಮ್ಮನ್ನ ನಲವತ್ತು ವರ್ಷದಿಂದ ನೋಡ್ತಿದ್ದೀನಿ. ಯಾರ ಕೈಯಲ್ಲಿ ಏನಿದ್ದರೂ ನೀವು ಪಕ್ಕದಲ್ಲಿ ಕೂತು ನಿಲ್ಲಿಸ್ತೀರ."

ಮಾತು ನಾಟಿತು. ಕಾಲನ್ನು ಸೀಟಿನ ಕೆಳಕ್ಕೆ ಸೇರಿಸಿಕೊಂಡೆ.

ಕಾಡು ಹೇಗೆ ಬಂತೆಂದು ನನಗೆ ತಿಳಿಯಲಿಲ್ಲ. ಊರು ಮುಗಿಯಿತು, ಹೊಲ ಮುಗಿಯಿತು, ಆಮೇಲೆ ಬೆಳಕಿನ ಬಣ್ಣ ಬದಲಾಯಿತು. ಬಟ್ಟೆಯಲ್ಲಿ ಸೋಸಿದ ನೀರಿನಂತೆ ಬಿಸಿಲು ಎಲೆಗಳ ಮೂಲಕ ಸೋಸಿ ಬರುತ್ತಿತ್ತು. ಕಾರಿನ ಸದ್ದೂ ಯಾರೋ ಹೊದಿಕೆ ಹೊದಿಸಿದಂತೆ ತಗ್ಗಿತು. ದೇವರ ಮನೆಗೆ ಹೊಕ್ಕಾಗ ದನಿ ತಾನಾಗಿ ಇಳಿಯುವಂತೆ ನಾವಿಬ್ಬರೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದೆವು.

ಮೇಲಿನ ಬಂಗಲೆಯನ್ನು ಕಂಡೊಡನೆ ಹಿಂದೆ ಯಾವಾಗಲೋ ಬಾಳಿದ ಮನೆಗೆ ಬಂದಂತಾಯಿತು. ಮೂರನೆಯ ಮೆಟ್ಟಿಲು ಅಲುಗುತ್ತದೆಂದು ಗೊತ್ತಿತ್ತು, ಅಲುಗಿತು. ಜಗಲಿಯ ಆರಾಮಕುರ್ಚಿಯ ಒಂದು ಕೈ ಮುರಿದಿದೆಯೆಂದು ಗೊತ್ತಿತ್ತು, ಮುರಿದಿತ್ತು. ಎರಡನೆಯ ನಂಬರಿನ ಬಾಗಿಲು ತೆರೆದಿತ್ತು. ಒಳಗೆ ಹೋಗಿ ಕಿಟಕಿ ಎಳೆದು ನೋಡಿದೆ. ಮುಚ್ಚಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಮ್ಮೆ ಎಳೆದೆ.

"ಭಾವ, ಕಾಡು ನೋಡೋಕೆ ಬಂದಿದ್ದೀರೋ, ತಪಾಸಣೆಗೋ?"

"ಹತ್ತೊಂಬತ್ತು ವರ್ಷ ಈ ಕಿಟಕಿಗೆ ರಿಪೇರಿ ಬರೆದಿದ್ದೀನಿ ಕಣಯ್ಯ."

"ಅದೂ ನಿಮ್ಮ ಹಾಗೇ. ಯಾರು ಹೇಳಿದರೂ ಜಗ್ಗಲ್ಲ."

ಜಗಲಿಯಲ್ಲಿ ಕೂತು ಮನೆಯಿಂದ ತಂದ ಬುತ್ತಿ ಬಿಚ್ಚಿದೆವು. ಒಂದನೆಯ ನಂಬರಿನಲ್ಲಿ ಮಲಗಿ ಒಳ್ಳೆಯ ನಿದ್ದೆ ಮಾಡಿದೆವು. ಮಾರನೆಯ ದಿನ ಕೆರೆ ಬಂಗಲೆಯಲ್ಲಿ ಸಾಬೂನನ್ನು ಡಬ್ಬಿಯೊಳಗೆ ಇಟ್ಟೆ. ಅಳಿಲು ಬಂತು. ಕಿಟಕಿಯ ಅಂಚಿನಲ್ಲಿ ಕೂತು ಮುಚ್ಚಿದ ಡಬ್ಬಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿತು. ಎಷ್ಟನೆಯ ತಲೆಮಾರಿನ ಅಳಿಲೋ ಅದು. ಕ್ಷಮಿಸಪ್ಪ, ಅವಳ ಅಪ್ಪಣೆ ಎಂದೆ. ಅಡುಗೆಯವನಿಗೆ ಖಾರ ಕಡಿಮೆ ಎಂದು ಮೊದಲೇ ಹೇಳಿದೆ. ಅವನು ಉಪ್ಪನ್ನೂ ಕಡಿಮೆ ಮಾಡಿದ. ಕೆರೆಯ ಮೇಲೆ ಬಿಳಿಯ ಹಕ್ಕಿಗಳು ನಿಂತ ಜಾಗ ಬಿಟ್ಟು ಅಲುಗಲಿಲ್ಲ. ಅಲ್ಲಿ ಕೂತಷ್ಟು ಹೊತ್ತೂ ಅವಳು ನನ್ನ ಹಿಂದೆಯೇ ಎಲ್ಲೋ ನಿಂತು ಶಾಲು ಸರಿಮಾಡಿಕೊಳ್ಳುತ್ತಿದ್ದಾಳೆ, ತಿರುಗಿದರೆ ಹೋಗಿಬಿಡುತ್ತಾಳೆ ಎನಿಸುತ್ತಿತ್ತು. ತಿರುಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎರಡೂವರೆಗೇ ಭಾವಮೈದುನ ಸಾಮಾನು ಕಾರಿಗೆ ತುಂಬಿದ.

"ಮೂರಕ್ಕೆ ಹೊರಡೋಣ ಭಾವ. ಒಳಗಿನ ಬಂಗಲೆಯಲ್ಲಿ ಕೋಣೆ ಕಾದಿದೆ. ನನ್ನ ಸೊಂಟಕ್ಕೆ ಮಂಚ ಬೇಕು."

"ನಾಲ್ಕು ಅಂತ ಬರೆದಿದೆ. ಮುಂಚೆ ಬೇಡ ಅಂತಲೂ ಬರೆದಿದೆ."

"ಅಕ್ಕನಿಗೆ ದಾರಿ ಏನು ಗೊತ್ತು? ಅವಳು ಈ ಕಡೆ ಬಂದೋಳಲ್ಲ. ಅಲ್ಲಿ ತಂಗೋಕೆ ಜಾಗವೇ ಇಲ್ಲ ಅಂತ ಕಚೇರಿಯಲ್ಲಿ ಹೇಳಿದ್ದಾರೆ. ಕಾರಿನಲ್ಲಿ ಮಲಗ್ತೀರಾ? ಆನೆ ಬಂದರೆ ಸುತ್ತೋಲೆ ತೋರಿಸ್ತೀರಾ?"

ಅವನ ಮಾತೆಲ್ಲ ಸರಿ. ಆದರೂ ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೆ, ಗಡಿಯಾರ ನೋಡಿದೆ. ಒಂದು ಸಾಲು ತಪ್ಪಿಸಿದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಾಲ್ಕು ಹೊಡೆದ ಮೇಲೆ "ಹೊರಡು" ಎಂದೆ.

ಅವನು ಹಲ್ಲು ಕಚ್ಚಿಕೊಂಡು ಓಡಿಸಿದ. ತನ್ನ ಶಿಷ್ಯರಿಗೆ ಏನೇನು ಮಾಡಬಾರದೆಂದು ಕಲಿಸಿದ್ದನೋ ಅದನ್ನೆಲ್ಲ ಆ ಎರಡು ಗಂಟೆಯಲ್ಲಿ ತಾನೇ ಮಾಡಿದ. "ಐದೂಮುಕ್ಕಾಲಿಗೆ ಮುಟ್ಟಿಸ್ತೀನಿ ನೋಡ್ತಿರಿ" ಎಂದ. ಮರಗಳು ಎರಡೂ ಕಡೆಯಿಂದ ಬಾಗಿ ಬಂದು ಹಿಂದಕ್ಕೆ ಹೋಗುತ್ತಿದ್ದವು. ನನಗೆ ಜೊಂಪು ಹತ್ತಿತು.

ಕನಸೋ ಏನೋ ನಾನರಿಯೆ. ಅವಳು ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದಳು. ಕೆನ್ನೆ ಮೊದಲಿನಂತೆ ತುಂಬಿಕೊಂಡಿತ್ತು. ಕಿಟಕಿಯ ಹೊರಗೆ ನೋಡುತ್ತ ಅಂದಳು: "ಅವಸರ ಯಾಕೆ? ಒಂದು ನಿಮಿಷ ನಿಲ್ಲಿಸೋಕೆ ಹೇಳಿ. ಎಷ್ಟು ಚೆನ್ನಾಗಿದೆ ನೋಡಿ."

ಜೀವಮಾನದಲ್ಲಿ ಅವಳು ಕೇಳಿದ್ದು ಅಷ್ಟೇ. ಒಂದು ನಿಮಿಷ. ನಾನು ನಿಲ್ಲಿಸಿದೆ.

ಕಾರು ಮುಗ್ಗರಿಸಿ ನಿಂತಿತು. ಎಚ್ಚರವಾದಾಗ ನನ್ನ ಎರಡೂ ಕಾಲು ಬ್ರೇಕಿನ ಮೇಲಿದ್ದವು. ಎಂಜಿನ್ನು ಆರಿಹೋಗಿತ್ತು. ಭಾವಮೈದುನ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

"ಮೂವತ್ತು ವರ್ಷ" ಎಂದ ಮೆಲ್ಲಗೆ. "ಮೂವತ್ತು ವರ್ಷ ಆ ಬ್ರೇಕು ಜೀವ ಉಳಿಸಿದೆ. ಇವತ್ತು ಮೊದಲನೇ ಸಲ ಜೀವ ತೆಗೀತು."

ಹಳೆಯ ಎಂಜಿನ್ನು ಮತ್ತೆ ಹತ್ತಲು ಕಾಲು ಗಂಟೆ ಬೇಕಾಯಿತು. ಆ ಕಾಲು ಗಂಟೆ ನಾವು ರಸ್ತೆಯಲ್ಲಿ ನಿಂತಿದ್ದೆವು. ಎಲೆಗಳ ಮೇಲೆ ಇಳಿಬಿಸಿಲು ಹಬ್ಬಿತ್ತು. ನಿಜವಾಗಿ ಬಹಳ ಚೆನ್ನಾಗಿತ್ತು.

ಕೆಳಗಿನ ಗೇಟಿಗೆ ಬಂದಾಗ ಅಡ್ಡಮರ ಇಳಿದಿತ್ತು. ಈಚೆ ಕಡೆ ಬಂಗಲೆಯಿಲ್ಲ, ಅಂಗಡಿಯಿಲ್ಲ. ಕಾವಲುಗಾರನ ಗೂಡು, ತಿರುವಿನಾಚೆ ಎಲ್ಲೋ ಒಂದು ಹೊಗೆ. ಬೆಳಕು ಕರಗುತ್ತಿತ್ತು. ಭಾವಮೈದುನ ಸೊಂಟ ಹಿಡಿದುಕೊಂಡು ಇಳಿದ. ಅವನನ್ನು ನೋಡಿ ನನ್ನ ಎದೆಗಾರಿಕೆ ಜಾರಿತು. ನೋಟುಬುಕ್ಕನ್ನು ಮರೆತು ಗೂಡಿಗೆ ಓಡಿದೆ.

"ಒಳಗಿನ ಬಂಗಲೆಯಲ್ಲಿ ನಮಗೆ ಕೋಣೆ ಇದೆ. ಸ್ವಲ್ಪ ಗೇಟು ತೆಗೆಯಪ್ಪ."

"ಆರಾಯ್ತು ಸಾರ್."

"ಬರೀ ಐದು ನಿಮಿಷ ಆಗಿದೆ. ಇವರಿಗೆ ಮೈ ಸರಿಯಿಲ್ಲ. ಬೇಕೂಂತ ತಡ ಮಾಡಿದ್ದಲ್ಲ. ದಾರಿಯಲ್ಲಿ..."

"ಎಲ್ಲರೂ ಹಾಗೇ ಹೇಳ್ತಾರೆ." ಅವನು ನನ್ನ ಚೀಟಿಯನ್ನು ತಿರುಗಿಸಿ ಹಿಂಬದಿ ತೋರಿಸಿದ. "ಓದಿ ಸಾರ್. ನಾನು ಬರೆದದ್ದಲ್ಲ."

ಅಲ್ಲಿದ್ದದ್ದು ನನ್ನ ಕಾಲದ ಮೊಹರಿನದೇ ಒಕ್ಕಣೆ. ಸಂಜೆ ಆರರ ನಂತರ ಯಾವ ಕಾರಣಕ್ಕೂ. ಆ 'ಯಾವ ಕಾರಣಕ್ಕೂ' ಎಂಬುದನ್ನು ಸೇರಿಸಿದವನು ನಾನು. ಅದಿಲ್ಲದೆ ವಾಕ್ಯ ಸಡಿಲವಾಗಿತ್ತು. ಅಡ್ಡಮರದ ಮೇಲೆ ಕೈಯೂರಿ ನಿಂತೆ. ತಣ್ಣಗಿತ್ತು. ಆಚೆ ರಸ್ತೆ ಕಾಣುತ್ತಿತ್ತು, ಹತ್ತು ಹೆಜ್ಜೆ, ನಡೆದರೆ ಯಾರೂ ಹಿಡಿಯಲಾರರು ಎನಿಸುವಷ್ಟು ಹತ್ತಿರ. ಇಪ್ಪತ್ತಾರು ವರ್ಷದ ಹಿಂದೆ ಅವಳು ಇದರ ಆಚೆ ಮಗ್ಗುಲಲ್ಲಿ ಇದೇ ಮರ ಹಿಡಿದು ನಿಂತಿದ್ದಳು. ಇತ್ತ ತಾಯಿ ಬಾಗಿಲ ಕಡೆಗೇ ಕಣ್ಣು ನೆಟ್ಟಿದ್ದಳು. ಬೇಕೂಂತ ತಡ ಮಾಡಿದ್ದಲ್ಲ ಎಂದು ಅವಳೂ ಹೇಳಿರಬೇಕು. ಎಲ್ಲರೂ ಹಾಗೇ ಹೇಳ್ತಾರೆ ಎಂದು ಕೇಳಿಸಿಕೊಂಡಿರಬೇಕು. ಅದನ್ನೇ ಆಮೇಲೆ ಅಣ್ಣನ ಬಾಯಿಂದಲೂ ಕೇಳಿದಳು.

ನನ್ನ ಕಣ್ಣು ತುಂಬಿದ್ದನ್ನು ಕಂಡು ಕಾವಲುಗಾರ ಮೆತ್ತಗಾದ. "ಅಳಬೇಡಿ ಸಾರ್. ಗೇಟು ಮುಚ್ಚಿದ ಮೇಲೆ ಬಂದೋರೆಲ್ಲ ಟೀಚರಮ್ಮನ ಮನೆಗೆ ಹೋಗ್ತಾರೆ. ಆ ತಿರುವಿನಲ್ಲೇ. ಊಟ ಕೊಡ್ತಾರೆ, ಮಲಗೋಕೆ ಚಾಪೆ ಕೊಡ್ತಾರೆ. ಬೋರ್ಡೂ ಇಲ್ಲ, ಏನೂ ಇಲ್ಲ. ಆರು ಗಂಟೆ ಆದ ಮೇಲೆ ಒಲೆ ಹಚ್ಚಿ ಕಾಯ್ತಾ ಇರ್ತಾರೆ."

ಟೀಚರಮ್ಮ ಎಂಬ ಮಾತು ಕಿವಿಗೆ ಬಿತ್ತು. ಮನಸ್ಸಿಗೆ ಬೀಳಲು ತಿರುವಿನವರೆಗೆ ನಡೆಯಬೇಕಾಯಿತು.

ತಗ್ಗು ಮಾಡಿನ ಚಿಕ್ಕ ಮನೆ. ಹೊರಗೆ ಎರಡು ಬೆಂಚು, ಶಾಲೆಯ ಮಕ್ಕಳು ಕೂರುವಂಥವು. ಬಾಗಿಲಿನ ಬಲ್ಬಿನ ಕೆಳಗೆ ಒಬ್ಬ ಹೆಂಗಸು ಕೈಯಲ್ಲಿ ಸೌಟು ಹಿಡಿದು ಹೊರಬಂದಳು. ತಲೆಗೂದಲೆಲ್ಲ ಬೆಳ್ಳಗೆ. ನಾವು ಕತ್ತಲಲ್ಲಿ ನಿಂತಿದ್ದೆವು, ಅವಳಿಗೆ ಮುಖ ಕಾಣುತ್ತಿರಲಿಲ್ಲ. ಬಂದವರನ್ನೆಲ್ಲ ಕೇಳುವ ಹಾಗೆ ಕೇಳಿದಳು:

"ಎಷ್ಟು ಹೊತ್ತಿಗೆ ಬಂದ್ರಿ ಗೇಟಿಗೆ?"

ದನಿ ನಮ್ಮ ತಾಯಿಯದೇ.

"ಆರು ಗಂಟೆ ಐದು ನಿಮಿಷಕ್ಕೆ" ಎಂದೆ.

ಸೌಟು ಅಲ್ಲೇ ನಿಂತಿತು. ಒಳಗೆ ಒಲೆಯ ಮೇಲೆ ಏನೋ ಕೊತಕೊತ ಕುದಿಯುತ್ತಿತ್ತು.

"ಬಿಡಲಿಲ್ಲವಾ?"

"ಬಿಡಲಿಲ್ಲ."

ಅವಳು ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ಒಳಗೆ ಬಾ ಅಣ್ಣ. ಗಂಜಿ ಬಿಸಿಯಾಗಿದೆ."

ನಮಗೆ ಜ್ವರ ಬಂದಾಗ ತಾಯಿ ಕಾಯಿಸುತ್ತಿದ್ದ ಗಂಜಿ. ತಟ್ಟೆಯ ಅಂಚಿನಲ್ಲಿ ಬೇಯಿಸಿದ ಸೊಪ್ಪು. ಮೊದಲ ಗುಟುಕಿಗೇ ತಟ್ಟೆ ಕೆಳಗಿಟ್ಟೆ. ಅವಳು ನೀರಿನ ಲೋಟ ಮುಂದಕ್ಕೆ ತಳ್ಳಿದಳು.

"ಅತ್ತಿಗೆ ತಿಂಗಳಿಗೊಂದು ಸಲ ಫೋನ್ ಮಾಡೋರು" ಎಂದಳು. "ಮಧ್ಯಾಹ್ನ, ನೀನು ಮಲಗಿರೋವಾಗ. ಕಾಡಿಗೆ ಬರೋ ದಾರಿ ಎಲ್ಲ ಕೇಳಿ ಬರೆದುಕೊಳ್ತಿದ್ದರು. ಎಷ್ಟು ಹೊತ್ತಿಗೆ ಹೊರಟರೆ ಗೇಟು ಖಂಡಿತ ಸಿಗಲ್ಲ ಅಂತ ಮೂರು ಸಲ ಕೇಳಿದರು. ನಾಲ್ಕು ಗಂಟೆ ಅಂದೆ. 'ಒಂದು ದಿನ ನಿನ್ನ ಅಣ್ಣ ಗೇಟು ಮುಚ್ಚಿದ ಮೇಲೆ ಬರ್ತಾರೆ, ಒಲೆ ಆರಿಸಬೇಡ' ಅಂದರು." ಒಲೆಗೆ ಒಂದು ಕೊಳ್ಳಿ ಸರಿಸಿದಳು. "ಆಮೇಲೆ ಎರಡು ತಿಂಗಳು ಫೋನ್ ಬರಲಿಲ್ಲ. ಗೊತ್ತಾಯ್ತು. ಯಾರನ್ನ ಕೇಳಲಿ?"

ನಾನು ತಟ್ಟೆ ನೋಡುತ್ತ ಹೇಳಿದೆ: "ಅವತ್ತು ನಾನು ಆಡಿದ ಮಾತು..."

"ಗೇಟಿನ ಹತ್ತಿರವೇ ಬಿದ್ದಿರು ಅಂದೆ."

"ಅಂದೆ."

"ಬಿದ್ದಿದ್ದೀನಲ್ಲ. ನಿನ್ನ ಮಾತು ಯಾವತ್ತು ಮೀರಿದೆ ನಾನು?" ಅಣ್ಣನನ್ನು ಚುಚ್ಚುವ ಆ ಹಳೆಯ ದನಿ ಹಾಗೆಯೇ ಇತ್ತು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ರಿಟೈರಾದ ಮೇಲೆ ಒಂದು ಊರಿನಲ್ಲಿ ಮನೆ ಮಾಡಿದ್ದೆ. ಆರು ತಿಂಗಳೂ ಇರೋಕಾಗಲಿಲ್ಲ. ಸಂಜೆ ಆರಾದರೆ ಸಾಕು, ಅಲ್ಲಿ ಇವತ್ತು ಯಾರು ನಿಂತಿದ್ದಾರೋ ಅನ್ನಿಸೋದು."

ಭಾವಮೈದುನ ಇಷ್ಟು ಹೊತ್ತಿಗೆ ಎರಡು ತಟ್ಟೆ ಗಂಜಿ ಮುಗಿಸಿದ್ದ. ಈಗ ಕೈ ಒರೆಸಿಕೊಂಡು ನನ್ನ ಮಗ್ಗುಲಲ್ಲಿದ್ದ ನೋಟುಬುಕ್ಕು ಎತ್ತಿ ಬಲ್ಬಿಗೆ ಹಿಡಿದ. ಪುಟ ತಿರುವಿದ. ತಟ್ಟನೆ ನಿಂತ.

"ಭಾವ, ಇದನ್ನ ನೀವು ಹೇಗೆ ಓದಿದ್ರಿ?"

"ಕೆಳಗಿನ ಗೇಟಿನ ಹತ್ತಿರ ತಂಗಿ, ಊಟ. ಅಲ್ಲಿ ತಂಗಬೇಕು, ತಂಗಿ ಊಟ ಮಾಡಬೇಕು."

"ಅಯ್ಯೋ ರಿಜಿಸ್ಟರೇ" ಎಂದ. ಆಮೇಲೆ ತನ್ನ ಶಿಷ್ಯರಿಗೆ ಹೇಳಿಕೊಡುವ ಹಾಗೆ ಒಂದೊಂದೇ ಪದಕ್ಕೆ ಬೆರಳಿಟ್ಟ. "ಕೆಳಗಿನ ಗೇಟಿನ ಹತ್ತಿರ. ತಂಗಿ. ಊಟ." ಬೆರಳಿನಿಂದ ಎದುರಿಗೆ ಕೂತವಳನ್ನು ತೋರಿಸಿದ. "ಪುಸ್ತಕದ ತುಂಬ ಕಾಮಾ ಎರಚಿದ್ದಾಳೆ ಅಕ್ಕ. ಸಾಬೂನಿಗೂ ಕಾಮಾ. ಇದೊಂದು ಸಾಲಿನಲ್ಲಿ ಒಂದೂ ಇಲ್ಲ. ಇದ್ದಿದ್ದರೆ ನೀವು ಬರ್ತಿದ್ರಾ?"

ಬರುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ನನ್ನ ಕಣ್ಣು ಆ ಪದವನ್ನು ಹೇಗೆ ಓದುತ್ತದೆ ಎಂಬುದೂ ಗೊತ್ತಿತ್ತು. ಮೂವತ್ತೆಂಟು ವರ್ಷ ನನ್ನ ಊಟದ ಮಾತು ಕೇಳಿದವಳು. ತಂಗಿ ಪಕ್ಕಕ್ಕೆ ಬಾಗಿ ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ನಾನು ಮುಂದಿನ ಸಾಲು ನೋಡುತ್ತಿದ್ದೆ. ಮೂವರೂ ಒಳಗೆ. ಹಾಗಾದರೆ ಮೂರನೆಯವಳು ತಂಗಿ, ಹೆಂಡತಿ ತನ್ನನ್ನು ಎಣಿಸಿಯೇ ಇರಲಿಲ್ಲ. ಬರೆಯುವಾಗಲೇ ತಾನಿರುವುದಿಲ್ಲ ಎಂದು ತಿಳಿದಿದ್ದಳು. ಎದೆಯಲ್ಲಿ ಏನೋ ಹರಿದಂತಾಯಿತು. ಹರಿದಲ್ಲಿಂದಲೇ ಗಾಳಿಯೂ ಬಂತು. ತಿದ್ದಬೇಡಿ ಎಂದದ್ದು ಇದಕ್ಕೆ.

ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ, ಆ ಮನೆಯ ಮೂಲೆಯಲ್ಲಿ ಕೂತು ಪ್ರಾರ್ಥಿಸಿದೆ. ಹೆಸರುಗಳನ್ನು ಹೇಳುತ್ತ ಬಂದೆ. ಇಪ್ಪತ್ತಾರು ವರ್ಷ ಸುಮ್ಮನಿದ್ದ ಜಾಗ ಬಂತು. ಅಲ್ಲಿ ಸುಮ್ಮನಿರಲಿಲ್ಲ.

ತಂಗಿ ಹಿಂದಿನ ಸೀಟಿನಲ್ಲಿ ಕೂತಳು. ಮಂಜು ಇತ್ತು, ಚಳಿಯಿತ್ತು. ಪಕ್ಕದಲ್ಲಿದ್ದ ಬೂದು ಶಾಲನ್ನು ಯಾರದೆಂದು ಕೇಳದೆ ತೆಗೆದು ಹೊದ್ದುಕೊಂಡಳು. ಕೆಲಸ ಬಿಟ್ಟ ಮೇಲೆ ಅವಳು ಗೇಟಿನ ಒಳಗೆ ಹೋಗಿರಲಿಲ್ಲವಂತೆ. ಹೊತ್ತಿಗೆ ಸರಿಯಾಗಿ ಹೊರಬರಲು ಆಗದಿದ್ದರೆ ಎಂಬ ಭಯ.

ಆರಕ್ಕೆ ಕಾವಲುಗಾರ ಪ್ರವೇಶಪತ್ರ ಕೇಳಿದ. ಮೂರನೆಯ ಸಾಲು ಖಾಲಿ. ಅವನು ಪೆನ್ನು ಕೊಟ್ಟ. ಹೆಸರು ಬರೆದೆ, ವಯಸ್ಸು ಅವಳನ್ನೇ ಕೇಳಿ ಬರೆದೆ. ಸಂಬಂಧ ಎಂಬ ಅಂಕಣದಲ್ಲಿ ನಿಧಾನವಾಗಿ ಎರಡು ಅಕ್ಷರ ಬರೆದೆ.

ಕಾವಲುಗಾರ ಅದನ್ನು ನೋಡಿ ಹುಬ್ಬು ಗಂಟಿಕ್ಕಿದ. "ತಂಗಿ, ಆಮೇಲೆ? ಎಷ್ಟು ರಾತ್ರಿ ತಂಗಿದ್ರಿ ಅನ್ನೋದು ಪಕ್ಕದ ಅಂಕಣ ಸಾರ್. ತಪ್ಪು ಜಾಗದಲ್ಲಿ ಬರೆದ್ರಿ. ತಿದ್ದಿಬಿಡಿ."

ಹಿಂದಿನಿಂದ ತಂಗಿ ನಕ್ಕದ್ದು ಕೇಳಿಸಿತು.

"ಬೇಡಪ್ಪ" ಎಂದೆ. "ಸರಿಯಾಗಿದೆ."

ಅಡ್ಡಮರ ಮೇಲೆದ್ದಿತು. ಆಚೆ ರಸ್ತೆ ಮಂಜಿನೊಳಗೆ ಹೋಗಿ ಕಾಣದಾಗಿತ್ತು. ಕಾರು ಗುರುಗುಟ್ಟಿತು, ಚಲಿಸಲಿಲ್ಲ.

"ಭಾವ" ಎಂದ ಭಾವಮೈದುನ. "ಕಾಲು."

ನೋಡಿಕೊಂಡೆ. ತೆಗೆದೆ.